ಕಾಯುವವರ ಕಾಲದ ಲೆಕ್ಕ

ಬಾಗಲಕೋಟೆ ಜಿಲ್ಲೆಯ ಓದುಗರೊಬ್ಬರು ಈ ಅಂಕಣಕ್ಕೆ ದೀರ್ಘವಾದ ಒಂದು ಪತ್ರವನ್ನು ಬರೆದಿದ್ದಾರೆ. ಊರಿನ ಹೆಸರನ್ನಾಗಲಿ ಸಂಸ್ಥೆಯ ಹೆಸರನ್ನಾಗಲಿ ಪ್ರಕಟಿಸಬಾರದೆಂದು ಕೋರಿರುವುದರಿಂದ ವಿಷಯವನ್ನಷ್ಟೇ ಇಲ್ಲಿ ನಿವೇದಿಸುತ್ತೇನೆ. ಅವರ ಊರಿನಲ್ಲಿ ದಾನಿಗಳ ನೆರವಿನಿಂದ ನಡೆಯುವ ಧರ್ಮಾರ್ಥ ಆಸ್ಪತ್ರೆಯೊಂದಿದೆ. ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಒಬ್ಬ ವೈದ್ಯರು ಹೊರರೋಗಿಗಳನ್ನು ನೋಡುತ್ತಾರೆ. ಒಬ್ಬರಿಗೆ ಸರಾಸರಿ 5 ನಿಮಿಷವೆಂದು ಹಿಡಿದು ನಾಲ್ಕು ಗಂಟೆಗೆ 48 ಚೀಟಿಗಳನ್ನು ಕೊಡುತ್ತಾರೆ. ಚೀಟಿ ಮುಗಿದೀತೆಂಬ ಭಯದಿಂದ ಜನರು 7 ಗಂಟೆಗೇ ಬಂದು ಕೂಡುತ್ತಾರೆ. ಪತ್ರ ಬರೆದವರ ತಾಯಿ, 74 ವರ್ಷದ ವೃದ್ಧೆ, ರಕ್ತದೊತ್ತಡದ ಮಾತ್ರೆ ಬರೆಸಿಕೊಳ್ಳಲೆಂದು ಹೋಗಿ 1 ಗಂಟೆಯವರೆಗೆ ಕುಳಿತು, ‘ವೇಳೆ ಮುಗಿತು, ನಾಳೆ ಬರ್ರಿ’ ಎಂದು ಹೇಳಿಸಿಕೊಂಡು ಮರಳಿದ್ದಾರೆ. ಮರುದಿನ ಮತ್ತೆ ಹೋಗಿ ಕೂಡುವ ತ್ರಾಣವಿಲ್ಲದೆ ನಾಲ್ಕು ದಿನ ಮಾತ್ರೆಯಿಲ್ಲದೆಯೇ ಕಳೆದಿದ್ದಾರೆ. ಮಗನು ಆಡಳಿತ ಮಂಡಳಿಯ ಹಿರಿಯರನ್ನು ಕಂಡು ಕೇಳಿದಾಗ ದೊರೆತ ಉತ್ತರ ಇದು: ‘ತಮ್ಮಾ, ನಮ್ಮ ಡಾಕ್ಟರು ಒಂದು ನಿಮಿಷ ಸುಮ್ಮನ ಕೂಡೂದಿಲ್ಲ. ಇದಕಿಂತ ಹೆಚ್ಚಿಗಿ ಇನ್ನೇನು ಮಾಡೂಣು ಹೇಳು?’

‘ಹಿರಿಯರ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ, ಆದರೆ ಸಮಾಧಾನವೂ ಆಗಲಿಲ್ಲ. ನಿಮ್ಮ ಅಭಿಪ್ರಾಯವೇನು?’ ಎಂಬುದು ಪತ್ರದ ಪ್ರಶ್ನೆ.

ಹಿರಿಯರು ಸುಳ್ಳು ಹೇಳಿಲ್ಲ. ವೈದ್ಯರೂ ಕಾಯಕನಿಷ್ಠರೇ ಇರಬೇಕು. ದುಡಿಯುವ ಕೈ ಖಾಲಿ ಇರಬಾರದೆಂಬ ಭಾವನೆ ನಮ್ಮ ಸಮಾಜದಲ್ಲಿ ಆಳವಾಗಿ ಬೇರೂರಿದೆ. ಅದು ನಮ್ಮ ಹೆಮ್ಮೆಯೂ ಹೌದು. ಆದರೆ ಆ ಒಂದು ಮಾತಿನಲ್ಲಿ ಲೆಕ್ಕಕ್ಕೆ ಬಂದಿರುವುದು ಒಬ್ಬರ ಸಮಯ ಮಾತ್ರ. ಬಾಗಿಲ ಹೊರಗೆ ಬೆಂಚಿನ ಮೇಲೆ ಕುಳಿತವರ ಸಮಯವನ್ನು ಯಾರೂ ಕೂಡಿಸಿಲ್ಲ. ನಾವು ಕೂಡಿಸಿ ನೋಡೋಣ. 48 ಜನರೂ 9 ಗಂಟೆಗೆ ಸಿದ್ಧರಾಗಿ ಕುಳಿತಿದ್ದರೆ ಮೊದಲನೆಯವರು ಕಾಯುವುದಿಲ್ಲ, ಎರಡನೆಯವರು 5 ನಿಮಿಷ, ಮೂರನೆಯವರು 10 ನಿಮಿಷ, ಹೀಗೆ ಏರುತ್ತ ಕೊನೆಯವರು 235 ನಿಮಿಷ ಕಾಯುತ್ತಾರೆ. ಎಲ್ಲವನ್ನೂ ಕೂಡಿಸಿದರೆ 5640 ನಿಮಿಷ, ಅಂದರೆ 94 ಗಂಟೆ. ವೈದ್ಯರ ನಾಲ್ಕು ಗಂಟೆಯ ಕಾಯಕ ತುಂಬಿರಲೆಂದು ರೋಗಿಗಳು ದಿನಂಪ್ರತಿ 94 ಗಂಟೆಗಳನ್ನು ತೆರುತ್ತಿದ್ದಾರೆ. ಬೆಳಗಿನ 7ರಿಂದ 9ರವರೆಗಿನದನ್ನು ನಾನು ಸೇರಿಸಿಯೇ ಇಲ್ಲ. ಆ 94 ಗಂಟೆಗಳಲ್ಲಿ ಕೂಲಿ ತಪ್ಪಿಸಿಕೊಂಡವರಿದ್ದಾರೆ, ಕೂಸನ್ನು ನೆರೆಮನೆಯಲ್ಲಿ ಬಿಟ್ಟು ಬಂದವರಿದ್ದಾರೆ. ಅವರದೂ ಕಾಯಕವೇ ಅಲ್ಲವೆ?

ಈ ಬಗೆಯ ಲೆಕ್ಕಕ್ಕೆ ಒಂದು ಶಾಸ್ತ್ರವೇ ಇದೆ. ಸರದಿ ಸಾಲಿನ ಗಣಿತವೆಂದು ಅದನ್ನು ಕರೆಯಬಹುದು. ಅದು ಹುಟ್ಟಿದ್ದು ಆಸ್ಪತ್ರೆಯಲ್ಲಿ ಅಲ್ಲ, ಡೆನ್ಮಾರ್ಕ್ ದೇಶದ ರಾಜಧಾನಿ ಕೋಪನ್‌ಹೇಗನ್ನಿನ ದೂರವಾಣಿ ಕಂಪೆನಿಯಲ್ಲಿ. ಅದರ ಮೂಲಪುರುಷನ ಹೆಸರು ಆಗ್ನರ್ ಕ್ರಾರೂಪ್ ಎರ್ಲಾಂಗ್. 1878ರಲ್ಲಿ ಹಳ್ಳಿಯ ಶಾಲಾ ಮಾಸ್ತರರ ಮಗನಾಗಿ ಹುಟ್ಟಿದ ಈತ ಗಣಿತವನ್ನು ಓದಿ, ಕೆಲವು ವರ್ಷ ತಾನೂ ಶಾಲೆಗಳಲ್ಲಿ ಪಾಠ ಹೇಳಿ, 1908ರಲ್ಲಿ ಆ ಕಂಪೆನಿಯನ್ನು ಸೇರಿದನು. ಅಂದಿನ ದೂರವಾಣಿ ಕೇಂದ್ರಗಳಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕುಳಿತು, ಕರೆ ಬಂದಂತೆಲ್ಲ ಒಂದು ತಂತಿಯ ತುದಿಯನ್ನು ಮತ್ತೊಂದು ತೂತಿಗೆ ಸಿಕ್ಕಿಸಿ ಮಾತು ಜೋಡಿಸುತ್ತಿದ್ದರು. ಎಷ್ಟು ತಂತಿಗಳನ್ನು ಎಳೆಯಬೇಕು, ಎಷ್ಟು ಜನರನ್ನು ಕೂರಿಸಬೇಕು ಎಂಬುದು ಕಂಪೆನಿಯ ಮುಂದಿದ್ದ ಪ್ರಶ್ನೆ. ಕಡಿಮೆಯಾದರೆ ಜನರಿಗೆ ಮಾತು ಸಿಗದು. ಹೆಚ್ಚಾದರೆ ತಾಮ್ರದ ದುಡ್ಡು ದಂಡ. ನಮ್ಮಲ್ಲಿ ಹಿಂದೆ ಟ್ರಂಕ್ ಕರೆಗೆ ಹೆಸರು ಬರೆಸಿ ಅಂಚೆ ಕಚೇರಿಯ ಕಟ್ಟೆಯ ಮೇಲೆ ಅರ್ಧ ದಿನ ಕುಳಿತ ಹಿರಿಯರಿಗೆ ಈ ಪ್ರಶ್ನೆಯ ಬಿಸಿ ಚೆನ್ನಾಗಿ ಗೊತ್ತು. ನಮ್ಮ ದೇಶದಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ನೇರವಾಗಿ ಡಯಲ್ ಮಾಡುವ ಸೌಲಭ್ಯ ಮೊದಲು ಬಂದದ್ದು 1960ರಲ್ಲಿ, ಕಾನಪುರ ಮತ್ತು ಲಖನೌಗಳ ನಡುವೆ.

ಎರ್ಲಾಂಗನು 1909ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಸರಳವಾದ, ಆದರೆ ಬಹು ದೂರ ಹೋಗುವ ಮಾತನ್ನು ತೋರಿಸಿಕೊಟ್ಟನು. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಸಾವಿರಾರು ಜನರು ತಮಗೆ ಬೇಕೆನಿಸಿದಾಗ ಫೋನು ಮಾಡುತ್ತಾರೆ. ಯಾವ ಗಳಿಗೆಯಲ್ಲಿ ಯಾರು ಮಾಡುತ್ತಾರೆಂದು ಹೇಳಲು ಬಾರದು. ಆದರೂ ಒಟ್ಟಾರೆ ಕರೆಗಳು ಒಂದು ನಿಯಮಕ್ಕೆ ಒಳಪಟ್ಟೇ ಬರುತ್ತವೆ. ಫ್ರಾನ್ಸಿನ ಗಣಿತಜ್ಞ ಪ್ವಾಸೋನ್ (1781–1840) ರೂಪಿಸಿದ್ದ ನಿಯಮವದು. 1917ರಲ್ಲಿ ಆತ, ಇಂತಿಷ್ಟು ತಂತಿಗಳಿದ್ದರೆ ನೂರರಲ್ಲಿ ಎಷ್ಟು ಕರೆಗಳು ಜೋಡಣೆಯಾಗದೆ ಹೋಗುತ್ತವೆ, ಕಾಯುವವರು ಎಷ್ಟು ಹೊತ್ತು ಕಾಯುತ್ತಾರೆ ಎಂದು ಹೇಳುವ ಸೂತ್ರಗಳನ್ನು ಕೊಟ್ಟನು. ಬ್ರಿಟನ್ನಿನ ಅಂಚೆ ಇಲಾಖೆ ಅವನ್ನು ಒಪ್ಪಿ ಬಳಸಿತು. ಅಮೆರಿಕದ ಬೆಲ್ ಪ್ರಯೋಗಾಲಯದ ಒಬ್ಬರು ಈತನ ಲೇಖನಗಳನ್ನು ಮೂಲದಲ್ಲೇ ಓದಲೆಂದು ಡ್ಯಾನಿಶ್ ಭಾಷೆಯನ್ನು ಕಲಿತರೆಂಬ ಮಾತೂ ಇದೆ. 1946ರಿಂದ ದೂರವಾಣಿ ದಟ್ಟಣೆಯ ಅಳತೆಗೆ ‘ಎರ್ಲಾಂಗ್’ ಎಂಬ ಹೆಸರೇ ನಿಂತಿದೆ.

ಇಲ್ಲಿ ಒಂದು ಮಾತು ಪ್ರಾಸಂಗಿಕವಾಗಿ ಹೇಳಬೇಕೆನಿಸುತ್ತದೆ. ಈತ ಮದುವೆಯಾಗಲಿಲ್ಲ, ಹೆಚ್ಚು ಮಾತಿನವನೂ ಅಲ್ಲ. ತನ್ನ ಅಳತೆಗಳಿಗಾಗಿ ಕೋಪನ್‌ಹೇಗನ್ನಿನ ಬೀದಿಗಳಲ್ಲಿ ಏಣಿ ಹೊತ್ತ ಕೆಲಸಗಾರನೊಬ್ಬನೊಡನೆ ಸುತ್ತಿ, ನೆಲದಡಿಯ ತಂತಿಗುಂಡಿಗಳಲ್ಲಿ ಇಳಿಯುತ್ತಿದ್ದನು. ಕಷ್ಟದಲ್ಲಿದ್ದವರು ಅವನ ಕೆಲಸದ ಜಾಗಕ್ಕೇ ಬಂದು ಸಹಾಯ ಕೇಳುತ್ತಿದ್ದರಂತೆ, ಆತ ಯಾರಿಗೂ ತೋರದಂತೆ ಕೊಡುತ್ತಿದ್ದನಂತೆ. ಸುಮಾರು ಇಪ್ಪತ್ತು ವರ್ಷ ಅನಾರೋಗ್ಯವೆಂದು ಒಂದು ದಿನವೂ ರಜೆ ಹಾಕದೆ ದುಡಿದು 1929ರ ಫೆಬ್ರುವರಿಯಲ್ಲಿ, ಶಸ್ತ್ರಚಿಕಿತ್ಸೆಯ ನಂತರ, 51ನೆಯ ವಯಸ್ಸಿನಲ್ಲಿ ತೀರಿಕೊಂಡನು. ಕಾಯಕವೆಂಬ ಪದವನ್ನು ಕೇಳಿರದಿದ್ದರೂ ಅದರಂತೆ ಬಾಳಿದವರು ಎಲ್ಲ ನಾಡುಗಳಲ್ಲೂ ಇರುತ್ತಾರೆ.

ಈಗ ಆ ನಿಯಮ ನಮ್ಮ ಪ್ರಶ್ನೆಗೆ ಹೇಗೆ ಒದಗುತ್ತದೆಂಬುದನ್ನು ನೋಡೋಣ. ಔಷಧಿ ಕೊಡುವ ಒಂದು ಕಿಟಕಿಯನ್ನು ತೆಗೆದುಕೊಳ್ಳಿ. ದಿನವಿಡೀ ಜನರು ತಮಗೆ ಅನುಕೂಲವಾದಾಗ ಬರುತ್ತಾರೆ. ಸರಾಸರಿ ಗಂಟೆಗೆ 12 ಜನ, ಅಂದರೆ 5 ನಿಮಿಷಕ್ಕೆ ಒಬ್ಬರು. ‘ಸರಾಸರಿ ಒಬ್ಬರು’ ಎಂದರೆ ಪ್ರತಿ ಐದು ನಿಮಿಷಕ್ಕೂ ತಪ್ಪದೆ ಒಬ್ಬರು ಎಂದಲ್ಲ. ಪ್ವಾಸೋನ್ ನಿಯಮದ ಪ್ರಕಾರ, ಇಂತಹ ಐದು ನಿಮಿಷದ ನೂರು ಅವಧಿಗಳನ್ನು ಗಮನಿಸಿದರೆ ಸುಮಾರು 37ರಲ್ಲಿ ಯಾರೂ ಬಂದಿರುವುದಿಲ್ಲ, ಇನ್ನು 37ರಲ್ಲಿ ಒಬ್ಬರು, 18ರಲ್ಲಿ ಇಬ್ಬರು, 8ರಲ್ಲಿ ಮೂವರು ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಿಗೇ ಬಂದಿರುತ್ತಾರೆ. ಸರಾಸರಿ ಸರಿಯಾಗಿಯೇ ಇದೆ. ಆದರೆ ಖಾಲಿ ಹೋದ 37 ಅವಧಿಗಳನ್ನು ಕೂಡಿಟ್ಟು, ಮೂವರು ಬಂದಾಗ ತೆಗೆದು ಬಳಸಲು ಆಗುವುದಿಲ್ಲ.

ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳ ತಾಯಂದಿರು ಮುಂಚಿತವಾಗಿಯೇ ಜೋಳದ ರೊಟ್ಟಿ ಬಡಿದು, ಖಡಕ್ಕಾಗಿಸಿ, ಬಂಡಿ ಟ್ರ್ಯಾಕ್ಟರುಗಳಲ್ಲಿ ದಾಸೋಹಕ್ಕೆ ಒಪ್ಪಿಸುವುದನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಬಿಡುವಿನ ದಿನದ ದುಡಿಮೆ ರೊಟ್ಟಿಯ ರೂಪದಲ್ಲಿ ಉಳಿದು, ಜನ ನೆರೆದ ದಿನ ಒದಗುತ್ತದೆ. ಬಿಡುವಿನಲ್ಲಿದ್ದ ಸೊಸೆ ಅಂದೇ ದುಡಿದಿಟ್ಟಳು ಎಂಬುದರಲ್ಲಿ ಆ ಜಾತ್ರೆಯ ದಾಸೋಹದ ಗುಟ್ಟು ಅಡಗಿದೆ. ವೈದ್ಯರ ಬಿಡುವಿನ ನಿಮಿಷಕ್ಕಾಗಲಿ, ಕಿಟಕಿಯ ಗುಮಾಸ್ತೆಯ ಬಿಡುವಿಗಾಗಲಿ ಈ ಗುಣವಿಲ್ಲ. ಅದು ಬಡಿದು ಒಣಗಿಸಿ ಇಡುವಂತಹುದಲ್ಲ. ಹೋದದ್ದು ಹೋಯಿತು, ಬಂದ ಜನ ಮಾತ್ರ ಉಳಿದು ಸಾಲಾಗುತ್ತಾರೆ. ಸರದಿ ಸಾಲು ಏಕೆ ಹುಟ್ಟುತ್ತದೆಂಬುದಕ್ಕೆ ಇದೇ ಕಾರಣ. ಸಿಬ್ಬಂದಿ ಸೋಮಾರಿಗಳಾಗಿರುವುದರಿಂದಲೇ ಸಾಲು ಬೆಳೆಯುತ್ತದೆಂದು ಭಾವಿಸುವವರು ಈ ಅಂಶವನ್ನು ಮರೆಯುತ್ತಾರೆ.

ಇದರಿಂದ ಹೊರಡುವ ಫಲಿತಾಂಶ ಅನೇಕರಿಗೆ ಆಶ್ಚರ್ಯವನ್ನುಂಟುಮಾಡುತ್ತದೆ. ಆ ಕಿಟಕಿಯಲ್ಲಿ ಒಬ್ಬರಿಗೆ ಸರಾಸರಿ 5 ನಿಮಿಷ ಹಿಡಿಯುತ್ತದೆ, ಕೆಲವರಿಗೆ ಒಂದೇ ನಿಮಿಷ, ಕೆಲವರಿಗೆ ಕಾಲು ಗಂಟೆ ಎಂದಿಟ್ಟುಕೊಳ್ಳಿ. ಗಂಟೆಗೆ 6 ಜನ ಬಂದರೆ ಗುಮಾಸ್ತೆ ಅರ್ಧ ಹೊತ್ತು ಖಾಲಿ. ಜನರು ಸರಾಸರಿ 5 ನಿಮಿಷ ಕಾಯುತ್ತಾರೆ. 9 ಜನ ಬಂದರೆ 15 ನಿಮಿಷ. 10 ಜನ ಬಂದರೆ 25 ನಿಮಿಷ. 11 ಜನ ಬಂದರೆ 55 ನಿಮಿಷ! 10ಕ್ಕೂ 11ಕ್ಕೂ ಇರುವ ಅಂತರ ಒಬ್ಬನೇ ಒಬ್ಬ. ಕಾಯುವಿಕೆ ಮಾತ್ರ ಎರಡು ಪಟ್ಟಿಗೂ ಮಿಕ್ಕಿತು. ಸರಿಯಾಗಿ 12 ಜನ ಬಂದರೆ, ಅಂದರೆ ಗುಮಾಸ್ತೆಗೆ ಕೂಡಲು ಲೆಕ್ಕದಲ್ಲಿ ಒಂದು ನಿಮಿಷವೂ ಬಿಡುವಿಲ್ಲದಂತೆ ಮಾಡಿದರೆ, ಸಾಲು ದಿನದಿಂದ ದಿನಕ್ಕೆ ಬೆಳೆಯುತ್ತಲೇ ಹೋಗುತ್ತದೆ. ಅದಕ್ಕೆ ನಿಲುಗಡೆಯೆಂಬುದೇ ಇಲ್ಲ. ನಮ್ಮ ಪತ್ರದ ಆಸ್ಪತ್ರೆ ನಾಲ್ಕು ಗಂಟೆಗೆ 48 ಚೀಟಿ ಕೊಟ್ಟು ಮಾಡಿದ್ದು ಇದನ್ನೇ. ಸರಾಸರಿ 5 ನಿಮಿಷವೆಂಬ ಲೆಕ್ಕ ಕೆಲವು ದಿನ ಹೆಚ್ಚೂ ಕೆಲವು ದಿನ ಕಡಿಮೆಯೂ ಆಗಲೇಬೇಕು. ಹೆಚ್ಚಾದ ದಿನ ಕೊನೆಯ ನಾಲ್ಕಾರು ಚೀಟಿಗಳವರು ಮನೆಗೆ ನಡೆಯಬೇಕು. ಆ ತಾಯಿಯ ಚೀಟಿ ಅಂತಹ ಒಂದು ದಿನದ್ದು. ತುಸು ಬಿಡುವನ್ನು ಬುದ್ಧಿಪೂರ್ವಕವಾಗಿ ಇಟ್ಟುಕೊಳ್ಳದ ವ್ಯವಸ್ಥೆಯಲ್ಲಿ ಹೀಗಾಗದೆ ಬೇರೆ ಗತಿಯಿಲ್ಲ. ಬಿಡುವು ಎಂದೊಡನೆ ನಮ್ಮವರು ಮುಖ ಸಿಂಡರಿಸುತ್ತಾರೆ. ಆದರೆ ಮದುವೆಮನೆಯಲ್ಲಿ ಎಣಿಸಿದ ಎಲೆಗಳಿಗೆ ಸರಿಯಾಗಿ ಅನ್ನ ಬೇಯಿಸುವ ಗೃಹಿಣಿಯುಂಟೆ? ಎರಡು ಸೇರು ಹೆಚ್ಚಿಗೆ ಇಟ್ಟವಳನ್ನು ನಾವು ದುಂದುಗಾತಿಯೆನ್ನುವುದಿಲ್ಲ.

ಆಸ್ಪತ್ರೆಯ ಪ್ರಶ್ನೆಯನ್ನೇ ನೇರವಾಗಿ ಕೈಗೆತ್ತಿಕೊಂಡವನು ಬ್ರಿಟನ್ನಿನ ನಾರ್ಮನ್ ಬೇಲಿ ಎಂಬ ಸಂಖ್ಯಾಶಾಸ್ತ್ರಜ್ಞ. 1948ರಲ್ಲಿ ಅಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಗಿ ಸರ್ವರಿಗೂ ಉಚಿತ ಚಿಕಿತ್ಸೆ ದೊರೆಯತೊಡಗಿತ್ತು. ಹೊರರೋಗಿಗಳ ವಿಭಾಗಗಳಲ್ಲಿ ಜನರು ಗಂಟೆಗಟ್ಟಲೆ ಕಾಯುವುದು ಅಲ್ಲಿಯೂ ದೊಡ್ಡ ದೂರಾಗಿತ್ತು. ಬೇಲಿ 1952ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಡಿದ್ದು ಇಷ್ಟು: ನಿಜವಾದ ಆಸ್ಪತ್ರೆಯಲ್ಲಿ ರೋಗಿಗಳ ಮೇಲೆ ಪ್ರಯೋಗ ಮಾಡುವ ಬದಲು, ಕಾಗದದ ಮೇಲೆ ಒಂದು ಆಸ್ಪತ್ರೆಯನ್ನು ನಡೆಸಿದನು. ಯಾರಿಗೆ ಎಷ್ಟು ನಿಮಿಷ ಹಿಡಿಯಿತೆಂಬುದನ್ನು ಲಾಟರಿಯಂತೆ ಬರುವ ಅಂಕಿಗಳಿಂದ ನಿರ್ಧರಿಸಿ, ಬೇರೆ ಬೇರೆ ರೀತಿಯಲ್ಲಿ ವೇಳೆ ಕೊಟ್ಟರೆ ಏನಾಗುತ್ತದೆಂದು ನೋಡಿದನು. ಮಾದರಿ ಕಟ್ಟುವುದೆಂದರೆ ಇದೇ. ಈಗ ಗಣಕಯಂತ್ರಗಳು ಇದನ್ನು ಕ್ಷಣದಲ್ಲಿ ಲಕ್ಷ ಬಾರಿ ಮಾಡುತ್ತವೆ.

ಮನೆಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಒಂದು ದಾಳ, ಒಂದು ನೋಟುಬುಕ್ಕಿನಿಂದಲೂ ಇದನ್ನು ಮಾಡಬಹುದು; ಮಾಡಿ ನೋಡಬೇಕೆಂದೇ ನನ್ನ ಕೋರಿಕೆ. ದಾಳದಲ್ಲಿ 1 ಅಥವಾ 2 ಬಿದ್ದರೆ ಆ ರೋಗಿಗೆ 2 ನಿಮಿಷ, 3 ಅಥವಾ 4 ಬಿದ್ದರೆ 5 ನಿಮಿಷ, 5 ಅಥವಾ 6 ಬಿದ್ದರೆ 8 ನಿಮಿಷ ಎಂದು ಇಟ್ಟುಕೊಳ್ಳಿ. ಸರಾಸರಿ 5 ನಿಮಿಷ. ಹತ್ತು ರೋಗಿಗಳಿಗೆ ಹತ್ತು ಸಲ ಉರುಳಿಸಿದಾಗ ಕ್ರಮವಾಗಿ 2, 5, 8, 8, 2, 5, 8, 5, 2, 5 ಬಂದವೆನ್ನೋಣ. ಒಟ್ಟು 50 ನಿಮಿಷ.

ಮೊದಲು ಹತ್ತೂ ಜನರನ್ನು 9 ಗಂಟೆಗೇ ಕರೆಯೋಣ. ಮೊದಲನೆಯವರು ನೇರ ಒಳಗೆ, ಎರಡನೆಯವರು 2 ನಿಮಿಷ ಕಾಯಬೇಕು, ಮೂರನೆಯವರು 7, ನಾಲ್ಕನೆಯವರು 15, ಹೀಗೆ ಕೊನೆಯವರು 45. ಹತ್ತೂ ಜನರ ಕಾಯುವಿಕೆ ಕೂಡಿ 228 ನಿಮಿಷ. ವೈದ್ಯರು 9.50ಕ್ಕೆ ಮುಗಿಸಿದರು, ಒಂದು ನಿಮಿಷವೂ ಖಾಲಿ ಕೂಡಲಿಲ್ಲ.

ಇನ್ನು ಅದೇ ಹತ್ತು ಜನರಿಗೆ 9, 9.05, 9.10 ಎಂದು ಐದೈದು ನಿಮಿಷಕ್ಕೆ ಒಬ್ಬರಂತೆ ವೇಳೆ ಕೊಡೋಣ. ಮೊದಲನೆಯವರು 2 ನಿಮಿಷಕ್ಕೇ ಹೊರಬಂದರು. ಎರಡನೆಯವರು ಬರುವವರೆಗೆ ವೈದ್ಯರು 3 ನಿಮಿಷ ಸುಮ್ಮನೆ ಕುಳಿತರು. ಆಮೇಲೆ 8 ನಿಮಿಷದ ಇಬ್ಬರು ಒಬ್ಬರ ಹಿಂದೊಬ್ಬರು ಬಂದುದರಿಂದ ಹಿಂದಿನವರಿಗೆ ಸ್ವಲ್ಪ ತಡವಾಯಿತು. ಆದರೂ ಯಾರೂ 6 ನಿಮಿಷಕ್ಕಿಂತ ಹೆಚ್ಚು ಕಾಯಲಿಲ್ಲ. ಹತ್ತೂ ಜನರದು ಕೂಡಿ 30 ನಿಮಿಷ. ವೈದ್ಯರು 9.53ಕ್ಕೆ ಮುಗಿಸಿದರು. ವೈದ್ಯರ 3 ನಿಮಿಷ ಹೋಯಿತು, ರೋಗಿಗಳ 198 ನಿಮಿಷ ಉಳಿಯಿತು.

ಆ 3 ನಿಮಿಷವೂ ಹೋಗಬಾರದೆಂಬ ಹಿರಿಯರಿಗೆ ಬೇಲಿ ಒಂದು ಉಪಾಯ ಹೇಳಿದ್ದಾನೆ. ಮೊದಲ ಇಬ್ಬರನ್ನು ಒಟ್ಟಿಗೇ 9ಕ್ಕೆ ಕರೆಯಿರಿ. ಅನಂತರದವರನ್ನು ಒಬ್ಬೊಬ್ಬರಾಗಿ, ಸರಾಸರಿ ವೇಳೆಯ ಅಂತರದಲ್ಲಿ ಕರೆಯಿರಿ. ಒಳಗೊಬ್ಬರು, ಬಾಗಿಲಲ್ಲೊಬ್ಬರು ಇದ್ದೇ ಇರುತ್ತಾರೆ. ನಮ್ಮ ದಾಳದ ಅಂಕಿಗಳಿಗೇ ಇದನ್ನು ಹಚ್ಚಿ ನೋಡಿದರೆ ಮೂರನೆಯವರು 9.05ಕ್ಕೆ, ನಾಲ್ಕನೆಯವರು 9.10ಕ್ಕೆ, ಹತ್ತನೆಯವರು 9.40ಕ್ಕೆ ಬರುತ್ತಾರೆ. ವೈದ್ಯರು ಒಂದು ನಿಮಿಷವೂ ಖಾಲಿ ಕೂಡದೆ 9.50ಕ್ಕೆ ಮುಗಿಸುತ್ತಾರೆ. ರೋಗಿಗಳ ಒಟ್ಟು ಕಾಯುವಿಕೆ 48 ನಿಮಿಷ. 228 ಎಲ್ಲಿ, 48 ಎಲ್ಲಿ! ಒಬ್ಬ ವೈದ್ಯರನ್ನೂ ಹೆಚ್ಚಿಸಲಿಲ್ಲ, ಒಂದು ಕೋಣೆಯನ್ನೂ ಕಟ್ಟಿಸಲಿಲ್ಲ. ದಾಳವನ್ನು ಮತ್ತೆ ಮತ್ತೆ ಉರುಳಿಸಿದರೆ ಅಂಕಿಗಳು ಬದಲಾಗುತ್ತವೆ. ಕೆಲವೊಮ್ಮೆ ವೈದ್ಯರು ತುಸು ಖಾಲಿಯೂ ಕೂಡುತ್ತಾರೆ. ಆದರೆ ಹತ್ತಾರು ಸಲ ಆಡಿದಾಗ ಕಾಣುವ ಚಿತ್ರ ಹೀಗೆಯೇ ಇರುತ್ತದೆ.

‘ನಮ್ಮ ಜನ ಹೇಳಿದ ವೇಳೆಗೆ ಬರುತ್ತಾರೆಯೆ? ಬಸ್ಸು ಬರಬೇಡವೆ?’ ಎಂದು ಕೇಳುವವರುಂಟು. ಸರಿಯಾದ ಪ್ರಶ್ನೆ. ಹಳ್ಳಿಗೆ ದಿನಕ್ಕೆ ಮೂರೇ ಬಸ್ಸು ಇರುವಲ್ಲಿ 9.35ಕ್ಕೆ ಬನ್ನಿರೆಂದು ಬರೆದುಕೊಡುವುದು ವಿನೋದವಾದೀತು. ಆದರೆ ಚೀಟಿಯ ಮೇಲೆ ನಿಮಿಷ ಬರೆಯದೆ ಗಂಟೆಯನ್ನಷ್ಟೇ ಬರೆಯಬಹುದಲ್ಲ? 48 ಜನರಲ್ಲಿ 12 ಜನರಿಗೆ 9 ಗಂಟೆ, 12 ಜನರಿಗೆ 10, ಹೀಗೆ 11 ಮತ್ತು 12. ಒಂದು ಗುಂಪಿನ ಕೆಲಸ ಮುಂದಿನ ಗಂಟೆಗೆ ಉಕ್ಕಿ ಹೋಗದಿದ್ದರೆ, ಮೊದಲು ಕಂಡ 94 ಗಂಟೆಗಳ ಕಾಯುವಿಕೆ 22 ಗಂಟೆಗೆ ಇಳಿಯುತ್ತದೆ. ಉಕ್ಕದಂತಿರಲು ಗಂಟೆಗೆ 12ರ ಬದಲು 11 ಚೀಟಿ ಕೊಡುವುದು ಮೇಲು. ಆಗ ನಾಲ್ಕು ಗಂಟೆಗೆ 44 ಚೀಟಿಗಳಾಗುತ್ತವೆ; ನಾಲ್ವರು ಕಡಿಮೆಯಾದರು ನಿಜ, ಆದರೆ ಇಡೀ ದಿನ ಕುಳಿತು ನೋಡಿಸಿಕೊಳ್ಳದೆ ಮರಳುವವರು ಬಲು ವಿರಳವಾಗುತ್ತಾರೆ. ದೂರದ ಹಳ್ಳಿಯವರಿಗೆ ಬಸ್ಸಿನ ವೇಳೆ ನೋಡಿಕೊಂಡು 11ರ ಚೀಟಿಯನ್ನೂ, ಊರೊಳಗಿನವರಿಗೆ 9ರ ಚೀಟಿಯನ್ನೂ ಕೊಡುವಷ್ಟು ವಿವೇಕ ಚೀಟಿ ಬರೆಯುವವರಿಗಿದ್ದರೆ ಸಾಕು. ಇಂದು ಬಹುಪಾಲು ಮನೆಗಳಲ್ಲಿ ಮೊಬೈಲ್ ಫೋನು ಇರುವುದರಿಂದ ಹಿಂದಿನ ಸಂಜೆಯೇ ವೇಳೆ ತಿಳಿಸುವುದು ಕಷ್ಟವೂ ಅಲ್ಲ. ಒಂದು ಮಾತು ಮಾತ್ರ ವೈದ್ಯರಿಗೆ ಅನ್ವಯಿಸುತ್ತದೆ: ಅವರು 9ರ ಬದಲು 9.20ಕ್ಕೆ ಬಂದರೆ ತಡವಾದದ್ದು 20 ನಿಮಿಷವಲ್ಲ. ಹತ್ತು ಜನ ಕುಳಿತಿದ್ದರೆ 200 ನಿಮಿಷ. ತಂದ ಅಕ್ಕಿ ಹೆಚ್ಚಾಯಿತೆಂದು ಆಯ್ದಕ್ಕಿ ಲಕ್ಕಮ್ಮ ಗಂಡನಿಗೆ ಅದನ್ನು ಮರಳಿ ಸುರಿದು ಬರಲು ಹೇಳಿದ ಕಥೆಯನ್ನು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಅಕ್ಕಿಯನ್ನಾದರೆ ಮರಳಿ ಸುರಿಯಬಹುದು.

ಸಾಲಿನಲ್ಲಿ ನಡುವೆ ನುಗ್ಗಿಸುವುದರ ವಿಷಯವಾಗಿಯೂ ಈ ಗಣಿತ ಸ್ಪಷ್ಟವಾಗಿ ಮಾತನಾಡುತ್ತದೆ. ತಲಾ 5 ನಿಮಿಷದ ಕೆಲಸವಿರುವ 30 ಜನರ ಸಾಲಿನಲ್ಲಿ ಕೊನೆಯವರನ್ನು ‘ದೊಡ್ಡವರು’ ಎಂದು ಮುಂದಕ್ಕೆ ಕರೆದರೆ ಅವರಿಗೆ 145 ನಿಮಿಷ ಉಳಿಯುತ್ತದೆ. ಹಿಂದೆ ಸರಿದ 29 ಜನರಿಗೆ ತಲಾ 5 ನಿಮಿಷ ಹೆಚ್ಚಾಗುತ್ತದೆ. ಅದೂ 145 ನಿಮಿಷವೇ. ಸಮಯ ಎಲ್ಲಿಂದಲೂ ಹುಟ್ಟಲಿಲ್ಲ, ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಹೋಯಿತು. ವಿಶೇಷ ದರ್ಶನದ ಸಾಲಿರುವ ಕಡೆಗಳಲ್ಲೆಲ್ಲ ನಡೆಯುವುದು ಇದೇ. ಪಂಕ್ತಿಭೇದವನ್ನು ಒಪ್ಪದ ಪರಂಪರೆಯ ನಾವು ಊಟದ ಪಂಕ್ತಿಯಲ್ಲಿ ಭೇದ ಮಾಡದೆ ನಿಂತ ಪಂಕ್ತಿಯಲ್ಲಿ ಮಾಡುವುದು ವಿಚಿತ್ರವೇ ಸರಿ. ಪ್ರಾಣಾಪಾಯದಲ್ಲಿರುವವರ ಮಾತು ಬೇರೆ. ಇನ್ನೊಂದು ನ್ಯಾಯವಾದ ವಿನಾಯಿತಿಯೂ ಇದೆ: ಕೊನೆಯವರ ಕೆಲಸ 2 ನಿಮಿಷದ್ದಾಗಿದ್ದರೆ ಅವರಿಗೆ ಉಳಿಯುವುದು 145 ನಿಮಿಷ, ಉಳಿದವರಿಗೆ ತಗಲುವುದು ಒಟ್ಟು 58 ನಿಮಿಷ. ಇಲ್ಲಿ ನಿಜವಾದ ಲಾಭವುಂಟು. ಹಳೆಯ ಮಾತ್ರೆಯನ್ನೇ ಮತ್ತೆ ಬರೆಸಿಕೊಳ್ಳಲು ಬಂದ ವೃದ್ಧರನ್ನು ಹೊಸ ರೋಗಿಗಳೊಡನೆ ಬೆರೆಸದೆ, ದಿನದ ಮೊದಲ ಅರ್ಧ ಗಂಟೆಯನ್ನು ಅವರಿಗಾಗಿಯೇ ಇಟ್ಟರೆ ಯಾರಿಗೂ ಅನ್ಯಾಯವಾಗುವುದಿಲ್ಲ. ಮಗನ ಪತ್ರಕ್ಕೆ ನೇರವಾದ ಉತ್ತರ ಇಲ್ಲಿದೆಯೆಂದು ನನಗೆ ತೋರುತ್ತದೆ.

ಆಸ್ಪತ್ರೆಯಲ್ಲಿ ಎರಡು ಕಿಟಕಿಗಳಿದ್ದರೆ ಎರಡು ಸಾಲು ಮಾಡುವ ರೂಢಿಯಿದೆ. ಅದನ್ನು ಬಿಡಬೇಕು. ಒಂದೇ ಸಾಲು ನಿಲ್ಲಿಸಿ, ಮುಂದೆ ಇದ್ದವರು ಯಾವ ಕಿಟಕಿ ತೆರವಾದರೆ ಅಲ್ಲಿಗೆ ಹೋಗಲಿ. ಒಂದೊಂದು ಕಿಟಕಿಗೆ ಗಂಟೆಗೆ 10 ಜನರಂತೆ ಬೇರೆ ಬೇರೆ ನಿಂತು, ಸಾಲು ಬದಲಿಸದಿದ್ದರೆ ಸರಾಸರಿ 25 ನಿಮಿಷ ಕಾಯುತ್ತಾರೆ. ಅದೇ 20 ಜನ ಒಂದೇ ಸಾಲಿನಲ್ಲಿ ನಿಂತರೆ ಸುಮಾರು 11 ನಿಮಿಷ. ಒಂದು ಕಿಟಕಿಯ ಮುಂದೆ ಜನ ಮುತ್ತಿ, ಪಕ್ಕದ ಕಿಟಕಿ ಬರಿದಾಗಿರುವ ಪ್ರಸಂಗ ಬರುವುದಿಲ್ಲವಾದುದೇ ಕಾರಣ. ಎರ್ಲಾಂಗನ ಸೂತ್ರವೂ ಇದನ್ನೇ ಹೇಳುತ್ತದೆ. 5 ಎರ್ಲಾಂಗ್ ದಟ್ಟಣೆಗೆ 10 ತಂತಿಗಳಿದ್ದರೆ ಸಾವಿರದಲ್ಲಿ ಸುಮಾರು 18 ಕರೆಗಳು ಸಿಗದೆ ಹೋಗುತ್ತವೆ. ಅಂತಹ ಎರಡನ್ನು ಕೂಡಿಸಿ 10 ಎರ್ಲಾಂಗಿಗೆ 20 ತಂತಿಗಳನ್ನಿಟ್ಟರೆ ಸಾವಿರದಲ್ಲಿ ಸುಮಾರು 2 ಮಾತ್ರ. ಒಂದೇ ಊರಿನ ಎರಡು ಸಣ್ಣ ಸಂಸ್ಥೆಗಳು ತಂತಮ್ಮ ಆಂಬುಲೆನ್ಸ್‌ಗಳನ್ನು ಬೇರೆ ಬೇರೆ ಇಟ್ಟುಕೊಳ್ಳುವುದಕ್ಕಿಂತ ಕೂಡಿ ನಡೆಸುವುದು ಏಕೆ ಲೇಸೆಂಬುದನ್ನು ಇದರಿಂದ ಊಹಿಸಬಹುದು.

ಜಾತ್ರೆ ದಾಸೋಹಗಳ ವ್ಯವಸ್ಥೆ ಮಾಡುವ ತರುಣರಿಗೆ ಉಪಯೋಗವಾಗುವ ಇನ್ನೊಂದು ಸೂತ್ರವಿದೆ. ಅಮೆರಿಕದ ಜಾನ್ ಲಿಟಲ್ ಎಂಬವರು 1961ರಲ್ಲಿ ಅದಕ್ಕೆ ಸಾಧನೆಯನ್ನು ಕೊಟ್ಟರು. ಒಳಗಿರುವ ಜನರ ಸಂಖ್ಯೆ ಎಂದರೆ ಬರುವ ವೇಗವನ್ನು ಇರುವ ಹೊತ್ತಿನಿಂದ ಗುಣಿಸಿದಷ್ಟು. ಗಂಟೆಗೆ 600 ಭಕ್ತರು ಪ್ರಸಾದಕ್ಕೆ ಬಂದು ತಲಾ ಅರ್ಧ ಗಂಟೆ ಕುಳಿತರೆ 300 ಜನರಿಗೆ ಜಾಗ ಬೇಕು. ಬಡಿಸುವವರು ನಿಧಾನಿಸಿ 40 ನಿಮಿಷವಾದರೆ 400 ಜನರಿಗೆ ಬೇಕು. ಹೊಸ ಶಾಮಿಯಾನ ಹಾಕಿಸುವ ಮೊದಲು ಸಾರಿನ ಬಕೆಟ್ಟು ಎಲ್ಲಿ ನಿಂತಿದೆಯೆಂದು ನೋಡುವುದು ಒಳ್ಳೆಯದು. ಸಿದ್ಧಗಂಗೆಯಂತಹ ಮಠಗಳಲ್ಲಿ ಸಾವಿರಾರು ವಿದ್ಯಾರ್ಥಿಗಳು ದಿನನಿತ್ಯ ಪ್ರಸಾದ ಸ್ವೀಕರಿಸುತ್ತಾರೆ. ಅಲ್ಲಿ ಬಡಿಸುವ ಕೈಗಳು ಎಷ್ಟು ಬೇಗ ಚಲಿಸುತ್ತವೆಂಬುದನ್ನು ಕಂಡವರಿಗೆ ಈ ಸೂತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಾಗಲಕೋಟೆಯ ಸೋದರರು ಆಡಳಿತ ಮಂಡಳಿಯ ಮುಂದೆ ಮತ್ತೊಮ್ಮೆ ಹೋಗುವುದಾದರೆ ದೂರಿನೊಡನೆ ಹೋಗದೆ ಒಂದು ನೋಟುಬುಕ್ಕಿನೊಡನೆ ಹೋಗಲಿ. ಹದಿನೈದು ದಿನ, ಪ್ರತಿ ರೋಗಿಯ ಹೆಸರಿಲ್ಲದೆ ಮೂರು ವೇಳೆಗಳನ್ನು ಬರೆಯಲಿ: ಬಂದದ್ದು ಎಷ್ಟಕ್ಕೆ, ವೈದ್ಯರ ಕೋಣೆಯ ಒಳಗೆ ಹೋದದ್ದು ಎಷ್ಟಕ್ಕೆ, ಹೊರಬಂದದ್ದು ಎಷ್ಟಕ್ಕೆ. ಕಾಲೇಜು ಓದುವ ಇಬ್ಬರು ಹುಡುಗಿಯರು ಬಾಗಿಲಲ್ಲಿ ಕುಳಿತರೆ ಈ ಕೆಲಸ ಸಾಧ್ಯ. ಸರಾಸರಿ 5 ನಿಮಿಷವೆಂಬ ಮಂಡಳಿಯ ನಂಬಿಕೆ ನಿಜವೆ, 7 ನಿಮಿಷವೆ ಎಂಬುದು ಮೊದಲು ತಿಳಿಯಲಿ. 7 ನಿಮಿಷವಾಗಿದ್ದರೆ ನಾಲ್ಕು ಗಂಟೆಗೆ 34 ಜನರನ್ನಷ್ಟೇ ನೋಡಲು ಬರುತ್ತದೆ, 48 ಚೀಟಿ ಕೊಡುವುದೇ ತಪ್ಪಾಗುತ್ತದೆ. ಅದರೊಡನೆ, ಚೀಟಿ ಸಿಗದೆ ಬಾಗಿಲಿನಿಂದಲೇ ಹಿಂದಿರುಗಿದವರಿಗೆ ಪುಟದ ಅಂಚಿನಲ್ಲಿ ಒಂದೊಂದು ಗೆರೆ ಎಳೆಯಲಿ. ಆಸ್ಪತ್ರೆಯ ಪುಸ್ತಕದಲ್ಲಿ ಅವರ ಸುಳಿವೇ ಇರುವುದಿಲ್ಲ. ಅಲ್ಲಿ ಪ್ರತಿದಿನವೂ 48 ಎಂದೇ ಬರೆದಿರುತ್ತದೆ. ಗೆರೆಗಳು ನಾಲ್ಕೈದೇ ಇದ್ದರೆ ಮೇಲೆ ಹೇಳಿದಂತೆ ಚೀಟಿಯ ಮೇಲೆ ಗಂಟೆ ಬರೆಯುವುದರಿಂದಲೇ ಬಹುಮಟ್ಟಿಗೆ ಪರಿಹಾರ ಸಿಗುತ್ತದೆ. ಗೆರೆಗಳು ಇಪ್ಪತ್ತಕ್ಕೆ ಏರಿದರೆ ಯಾವ ಗಣಿತವೂ ಒದಗದು. ಮಂಡಳಿಯವರು ವಾರಕ್ಕೆ ಎರಡು ದಿನವಾದರೂ ಎರಡನೆಯ ವೈದ್ಯರೊಬ್ಬರನ್ನು ಹುಡುಕಬೇಕಾಗುತ್ತದೆ, ದಾನಿಗಳ ಮುಂದೆ ಆ ಪುಟಗಳನ್ನೇ ಬಿಚ್ಚಿ ಇಡಬಹುದು.